ಹಳ್ಳದ ಗುಂಟ ಕಾನ್ಹೇರಿಗೆ: ಮುಂಬೈ ಬಿಡದೆ ಮಾಡಬಹುದಾದ ಅರ್ಧ ದಿನದ ಚಾರಣ

ಮಳೆ ನಿಂತು ಗಾಳಿ ಸ್ವಲ್ಪ ತಣ್ಣಗಾದರೆ ಸಾಕು, ಈ ಪ್ರಶ್ನೆ ಬರಲು ಶುರುವಾಗುತ್ತದೆ. "ಮಕ್ಕಳನ್ನ ಕರ್ಕೊಂಡು ಹತ್ತಿರದಲ್ಲೇ ಎಲ್ಲಾದ್ರೂ ಬೆಟ್ಟಕ್ಕೆ ಹೋಗ್ಬೇಕು. ಲೋನಾವಳ ಬೇಡ, ಟ್ರಾಫಿಕ್ ಬೇಡ. ಅಮ್ಮನೂ ಬರ್ತಾರೆ. ಎಲ್ಲಿಗೆ ಹೋಗೋಣ?" ಮಾಟುಂಗದಲ್ಲಿ ಕನ್ನಡ ನಾಟಕ ಮುಗಿದು ಕಾಫಿ ಕುಡಿಯುವಾಗಲೂ ಇದೇ ಪ್ರಶ್ನೆ, ಡೊಂಬಿವಲಿಯ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಇದೇ. ನನ್ನ ಉತ್ತರ ಯಾವಾಗಲೂ ಒಂದೇ: ಬೊರಿವಲಿಗೆ ಹೋಗಿ, ಅಲ್ಲಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗೆ ಇರುವ ಬೌದ್ಧ ಗುಹೆಗಳ ಬೆಟ್ಟ ಕಾನ್ಹೇರಿ ಹತ್ತಿ.

"ಅಯ್ಯೋ, ಅದು ನೋಡಿದ್ದೇವೆ" ಎನ್ನುವವರೇ ಜಾಸ್ತಿ. ಏನು ನೋಡಿದಿರಿ ಎಂದು ಕೇಳಿದರೆ, ದೊಡ್ಡ ಬುದ್ಧ ಇರುವ ಗುಹೆ, ಅದರ ಮುಂದೆ ಫೋಟೋ, ಆಮೇಲೆ ವಾಪಸು. ಅಂದರೆ ಮೂರನೇ ಗುಹೆಯವರೆಗೆ ಮಾತ್ರ. ಕಾನ್ಹೇರಿಯಲ್ಲಿ ನೂರಕ್ಕೂ ಹೆಚ್ಚು ಗುಹೆಗಳಿವೆ. ನಿಜವಾದ ಕಾನ್ಹೇರಿ ಶುರುವಾಗುವುದೇ ಮೂರನೇ ಗುಹೆ ದಾಟಿ, ಪಕ್ಕದ ಹಳ್ಳದ ಕೊರಕಲು ಹಿಡಿದು ಮೇಲೆ ನಡೆದಾಗ. ಸುಮಾರು ಸಾವಿರ ವರ್ಷ ಭಿಕ್ಷುಗಳು ವಾಸ ಮಾಡಿದ ಜಾಗ ಇದು. ಅವರು ಎಲ್ಲಿ ಮಲಗಿದರು, ನೀರು ಎಲ್ಲಿಂದ ತಂದರು, ಎಲ್ಲಿ ಕೂತು ಓದಿದರು, ಎಲ್ಲವೂ ಕಲ್ಲಿನಲ್ಲೇ ಉಳಿದಿದೆ. ಅದನ್ನು ನೋಡದೆ ಬರಬೇಡಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದಾರಿ ಸುಲಭ. ಹಗ್ಗ ಬೇಡ, ಚಾರಣದ ಅಭ್ಯಾಸವೂ ಬೇಡ. ಆರು ವರ್ಷದ ಮಕ್ಕಳು ಆರಾಮಾಗಿ ಹತ್ತುತ್ತಾರೆ. ಮಂಡಿ ನೋವಿರುವ ಹಿರಿಯರು ಎಲ್ಲಿಯವರೆಗೆ ಬರಬಹುದು ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ಕೆಲವು ಪದಗಳು

ಅಲ್ಲಿನ ಫಲಕಗಳಲ್ಲಿ ಈ ಪದಗಳು ಮತ್ತೆ ಮತ್ತೆ ಬರುತ್ತವೆ. ಗೊತ್ತಿದ್ದರೆ ನೋಡುವುದು ಸುಲಭ.

ಲೇಣಿ ಅಂದರೆ ಬಂಡೆಯಲ್ಲಿ ಕೊರೆದ ಗುಹೆ. ಮರಾಠಿಯಲ್ಲಿ ಈಗಲೂ ಇದೇ ಪದ ಬಳಸುತ್ತಾರೆ. ವಿಹಾರ ಅಂದರೆ ಭಿಕ್ಷುಗಳು ಇರುತ್ತಿದ್ದ ಮನೆ. ಸ್ತೂಪ ಅಂದರೆ ಗುಮ್ಮಟದಂಥ ಪೂಜಾ ಗುರುತು. ಬುದ್ಧನ ಮೂರ್ತಿ ಮಾಡುವ ಪದ್ಧತಿ ಬರುವುದಕ್ಕೆ ಮುಂಚೆ ಅದಕ್ಕೇ ನಮಸ್ಕಾರ ಮಾಡುತ್ತಿದ್ದರು. ಚೈತ್ಯ ಅಂದರೆ ಸ್ತೂಪ ಇರುವ ಪ್ರಾರ್ಥನಾ ಮಂದಿರ. ಪೊಢಿ ಅಂದರೆ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿ. ಈ ಕೊನೆಯ ಪದ ನೆನಪಿಟ್ಟುಕೊಳ್ಳಿ. ಕಾನ್ಹೇರಿ ಅರ್ಥವಾಗುವುದೇ ಇದರಿಂದ.

ಹಂತ 1: ದಿನ ಆರಿಸುವುದು

ಸೋಮವಾರ ಹೋಗಬೇಡಿ. ಉದ್ಯಾನ ಮುಚ್ಚಿರುತ್ತದೆ, ಗುಹೆಗಳೂ ಮುಚ್ಚಿರುತ್ತವೆ. ರಜೆ ಹಾಕಿ, ಡಬ್ಬಿ ಕಟ್ಟಿಕೊಂಡು, ಗೇಟಿನ ಮುಂದೆ ನಿಂತು ವಾಪಸು ಹೋಗುವವರನ್ನು ಇಂದಿಗೂ ನೋಡಬಹುದು.

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಅಕ್ಟೋಬರ್, ನವೆಂಬರ್‌ನಲ್ಲಿ ಕಾಡು ಇನ್ನೂ ಹಸಿರಾಗಿರುತ್ತದೆ, ಹಳ್ಳದಲ್ಲಿ ಅಲ್ಲಲ್ಲಿ ಸ್ವಲ್ಪ ನೀರೂ ಇರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಎಲೆ ಉದುರಿದ ಮರಗಳ ನಡುವೆ ಮುತ್ತುಗದ ಕೆಂಪು ಹೂ ಕಾಣುತ್ತದೆ. ಮಾರ್ಚ್ ಕಳೆದ ಮೇಲೆ ಹತ್ತು ಗಂಟೆಗೇ ಕಪ್ಪು ಬಂಡೆ ಕಾಯ್ದು ಬಿಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೋಗುವುದು ಬೇಡ.

ಮಳೆಗಾಲದ ಬಗ್ಗೆ ಬೇರೆಯೇ ಹೇಳಬೇಕು. ಜುಲೈ, ಆಗಸ್ಟ್‌ನಲ್ಲಿ ಕಾನ್ಹೇರಿ ತುಂಬಾ ಚೆಂದ. ಬಂಡೆಯ ಮೇಲೆಲ್ಲ ನೀರು ಹರಿಯುತ್ತದೆ, ಹಳ್ಳ ಸಣ್ಣ ಸಣ್ಣ ಜಲಪಾತಗಳಾಗಿ ಇಳಿಯುತ್ತದೆ. ಅದನ್ನು ನೋಡಲೆಂದೇ ಜನ ಬರುತ್ತಾರೆ. ಆದರೆ ಆ ಹಳ್ಳದೊಳಗೆ ಇಳಿಯುವುದು ಮಾತ್ರ ಅಪಾಯ. ಮೇಲೆ ಕಾಡಿನಲ್ಲಿ ಜೋರು ಮಳೆ ಬಿದ್ದರೆ ಕೆಳಗೆ ನಿಮಗೆ ಗೊತ್ತಾಗುವಷ್ಟರಲ್ಲಿ ನೀರು ಏರಿರುತ್ತದೆ. ಪಾಚಿ ಕಟ್ಟಿದ ಬಂಡೆ ಮೇಲೆ ಎಂಥ ಬೂಟಿದ್ದರೂ ಕಾಲು ನಿಲ್ಲುವುದಿಲ್ಲ. ಮೊದಲ ಸಲ ಹೋಗುವವರು ಮಳೆಗಾಲ ಬಿಟ್ಟುಬಿಡಿ. ಹೋಗಲೇಬೇಕು ಅಂದರೆ ಮೆಟ್ಟಿಲು ಮತ್ತು ಗುಹೆಗಳ ಜಗಲಿ ಬಿಟ್ಟು ಎಲ್ಲೂ ಕಾಲಿಡಬೇಡಿ. ಕಾವಲುಗಾರರು ಶಿಳ್ಳೆ ಹೊಡೆದರೆ ವಾದ ಮಾಡದೆ ಮೇಲೆ ಬನ್ನಿ.

ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಜನ ಜಾಸ್ತಿ. ಮಹಾಶಿವರಾತ್ರಿಯಂದು ಉದ್ಯಾನದ ಕಡೆ ಹೋಗುವ ಯೋಚನೆಯೇ ಬೇಡ, ಆ ದಿನ ಭಕ್ತರ ದೊಡ್ಡ ಸಾಲೇ ಇರುತ್ತದೆ. ಶನಿವಾರ ಬೆಳಗ್ಗೆ ಸಾಧ್ಯವಾದರೆ ಅದೇ ವಾಸಿ. ವಾರದ ಮಧ್ಯೆ ರಜೆ ಸಿಕ್ಕರೆ ಇನ್ನೂ ಒಳ್ಳೆಯದು. ಆಗ ಶಾಲಾ ಮಕ್ಕಳ ಬಸ್ಸುಗಳನ್ನು ಬಿಟ್ಟರೆ ಬೇರೆ ಸದ್ದಿರುವುದಿಲ್ಲ.

ಹಂತ 2: ಏನು ತೆಗೆದುಕೊಳ್ಳಬೇಕು

ನೀರು, ತಲೆಗೆ ಒಂದು ಲೀಟರ್‌ಗಿಂತ ಕಡಿಮೆ ಬೇಡ. ಸ್ಟೀಲ್ ಬಾಟಲಿಯಲ್ಲಿ ಹಾಕಿಕೊಳ್ಳಿ, ಉದ್ಯಾನದೊಳಗೆ ಪ್ಲಾಸ್ಟಿಕ್ ಬಗ್ಗೆ ಕಟ್ಟುನಿಟ್ಟು ಇದೆ. ಒಂದು ಟಾರ್ಚ್ ಇರಲಿ, ಒಳಕೋಣೆಗಳು ಕತ್ತಲೆ. ಮೊಬೈಲ್ ಬೆಳಕು ಸಾಕಾಗುತ್ತದೆ, ಆದರೆ ಫೋಟೋ ತೆಗೆದು ತೆಗೆದು ಬ್ಯಾಟರಿ ಮುಗಿಸಿಕೊಳ್ಳಬೇಡಿ, ವಾಪಸು ರೈಲಿನ ಟಿಕೆಟ್ಟೂ ಅದರಲ್ಲೇ ಅಲ್ವಾ? ಸ್ವಲ್ಪ ಚಿಲ್ಲರೆ ಇರಲಿ. ಕಾಡಿನೊಳಗೆ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ, ಯುಪಿಐ ಒಂದನ್ನೇ ನಂಬಬೇಡಿ.

ಕಾಲಿಗೆ ಹಿಡಿತ ಇರುವ ಬೂಟು ಹಾಕಿ. ಹವಾಯಿ ಚಪ್ಪಲಿ ಬೇಡವೇ ಬೇಡ. ಇಲ್ಲಿನ ಮೆಟ್ಟಿಲು ಬಂಡೆಯಲ್ಲೇ ಕೊರೆದದ್ದು. ಶತಮಾನಗಳ ಕಾಲ ಕಾಲಿಟ್ಟು ಕಾಲಿಟ್ಟು ನಡುಭಾಗ ಬೋಗುಣಿಯಂತೆ ತಗ್ಗಾಗಿದೆ. ಇಳಿಯುವಾಗ ಆ ತಗ್ಗಿನ ಅಂಚಿಗೆ ಹಿಮ್ಮಡಿ ಬಿದ್ದರೆ ಜಾರುವುದು ಸುಲಭ.

ಊಟದ ವಿಚಾರ. ತಿಂಡಿಯನ್ನು ಚೀಲದೊಳಗೆ, ಚೀಲದ ಜಿಪ್ ಹಾಕಿ ಇಡಿ. ಕೈಯಲ್ಲಿ ಪೊಟ್ಟಣ ಹಿಡಿದು ನಡೆಯಬೇಡಿ. ಕಾರಣ ಮಂಗಗಳು. ಕಾನ್ಹೇರಿಯ ಮಂಗಗಳಿಗೆ ಚಿಪ್ಸ್ ಪೊಟ್ಟಣದ ಸದ್ದು ದೂರದಿಂದಲೇ ಗೊತ್ತಾಗುತ್ತದೆ. ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಬೇಡಿ. ಕಚ್ಚಿದರೆ ಅಥವಾ ಪರಚಿದರೆ ಆ ದಿನವೇ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಶುರು ಮಾಡಬೇಕು. ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ: ಮಂಗದ ಮುಂದೆ ಹಲ್ಲು ಕಿರಿಯಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಏನನ್ನೂ ಕೊಡಬಾರದು.

ಹಂತ 3: ಗೇಟಿನವರೆಗೆ

ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಮುಖ್ಯ ಗೇಟು ಬೊರಿವಲಿ ಪೂರ್ವದಲ್ಲಿ, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಮೇಲೇ ಇದೆ. ಪಶ್ಚಿಮ ರೈಲ್ವೆಯ ಬೊರಿವಲಿ ನಿಲ್ದಾಣದಲ್ಲಿ ಇಳಿದು ಪೂರ್ವಕ್ಕೆ ಹೊರಬಂದರೆ ಆಟೋದಲ್ಲಿ ಐದು ಹತ್ತು ನಿಮಿಷ. ನಡೆದರೂ ದೂರವಿಲ್ಲ. ಅಂಧೇರಿ, ಗೋರೆಗಾಂವ್, ದಹಿಸರ್ ಪೂರ್ವದಲ್ಲಿ ಇರುವವರಿಗೆ ಮೆಟ್ರೋ 7 ಇನ್ನೂ ಸುಲಭ. ರಾಷ್ಟ್ರೀಯ ಉದ್ಯಾನ ಎಂಬ ಹೆಸರಿನ ನಿಲ್ದಾಣವೇ ಇದೆ, ಇಳಿದರೆ ಗೇಟು ಹತ್ತಿರದಲ್ಲೇ.

ಡೊಂಬಿವಲಿ, ಕಲ್ಯಾಣ, ಮುಲುಂಡ್ ಕಡೆಯವರು ದಾದರ್‌ನಲ್ಲಿ ಇಳಿದು ಪಶ್ಚಿಮ ಮಾರ್ಗಕ್ಕೆ ಬದಲಾಯಿಸಬೇಕು. ಠಾಣೆಯವರಿಗೆ ಘೋಡಬಂದರ್ ರಸ್ತೆಯ ಬಸ್ಸೂ ಇದೆ.

ಇಲ್ಲಿ ಒಂದು ಎಚ್ಚರಿಕೆ. ಠಾಣೆ ಮತ್ತು ಮುಲುಂಡ್‌ನವರು ಪದೇ ಪದೇ ಕೇಳುತ್ತಾರೆ: "ನಕ್ಷೆಯಲ್ಲಿ ನೋಡಿದರೆ ಯೇವೂರ್ ಬೆಟ್ಟದಿಂದ ಕಾನ್ಹೇರಿ ಹತ್ತಿರವೇ ಇದೆ. ಆ ಕಡೆಯಿಂದ ನಡೆದು ಬರಬಹುದಾ?" ಇಲ್ಲ. ನಡುವೆ ಇರುವುದು ನಿರ್ಬಂಧಿತ ಕಾಡು. ಅಲ್ಲೇ ತುಳಸಿ ಕೆರೆ, ವಿಹಾರ್ ಕೆರೆ ಇವೆ. ಎರಡೂ ಮುಂಬೈಗೆ ಕುಡಿಯುವ ನೀರು ಕೊಡುವ ಕೆರೆಗಳು. ಅನುಮತಿ ಇಲ್ಲದೆ ಹೊಕ್ಕರೆ ಅರಣ್ಯ ಇಲಾಖೆ ಕೇಸು ಹಾಕುತ್ತದೆ. ಜೊತೆಗೆ ಅದು ಚಿರತೆಗಳ ಜಾಗ. ಬೊರಿವಲಿ ಗೇಟಿನಿಂದಲೇ ಬನ್ನಿ.

ಎಷ್ಟು ಹೊತ್ತಿಗೆ ಬರಬೇಕು? ಬೆಳಗ್ಗೆ ಎಂಟರೊಳಗೆ ಗೇಟು ದಾಟಿರಿ. ಹನ್ನೊಂದಕ್ಕೆ ಬಂದು "ಬಸ್ಸಿಗೆ ಇಷ್ಟು ದೊಡ್ಡ ಸಾಲಾ?" ಎಂದರೆ ಪ್ರಯೋಜನ ಇಲ್ಲ.

ಹಂತ 4: ಗೇಟಿನಿಂದ ಗುಹೆಗಳ ಬುಡಕ್ಕೆ

ಎರಡು ಟಿಕೆಟ್ ಬೇಕು, ಇದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಒಂದು ಉದ್ಯಾನದ ಟಿಕೆಟ್, ಗೇಟಿನಲ್ಲಿ. ಇನ್ನೊಂದು ಭಾರತೀಯ ಪುರಾತತ್ವ ಇಲಾಖೆಯ ಟಿಕೆಟ್, ಗುಹೆಗಳ ಬುಡದಲ್ಲಿ. ಪುರಾತತ್ವ ಇಲಾಖೆಯದು ಭಾರತೀಯರಿಗೆ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ದರಗಳು ಆಗಾಗ ಏರುತ್ತವೆ, ಸ್ವಲ್ಪ ಜಾಸ್ತಿ ಹಣವೇ ಇಟ್ಟುಕೊಳ್ಳಿ. ಗೇಟಿನಲ್ಲಿ ಕೊಟ್ಟ ಟಿಕೆಟ್ಟನ್ನು ಬಿಸಾಡಬೇಡಿ.

ಗೇಟಿನಿಂದ ಗುಹೆಗಳಿಗೆ ಆರೇಳು ಕಿಲೋಮೀಟರ್ ಡಾಂಬರು ರಸ್ತೆ. ಉದ್ಯಾನದ ಬಸ್ಸು ಸಿಗುತ್ತದೆ, ಬಾಡಿಗೆ ಸೈಕಲ್ ಸಿಗುತ್ತದೆ, ನಡೆಯಲೂಬಹುದು. ಸ್ವಂತ ಕಾರಿನಲ್ಲಿ ಒಳಗೆ ಹೋಗುವ ನಿಯಮ ಬದಲಾಗುತ್ತಲೇ ಇರುತ್ತದೆ, ಆ ಭರವಸೆಯ ಮೇಲೆ ಹೊರಡಬೇಡಿ.

ನನ್ನ ಸಲಹೆ: ಹೋಗುವಾಗ ಬಸ್ಸು. ಕಾಲಿನ ಶಕ್ತಿಯನ್ನು ಬೆಟ್ಟಕ್ಕೆ ಉಳಿಸಿಕೊಳ್ಳಿ. ಸೈಕಲ್ ತುಳಿಯುವ ಹುಮ್ಮಸ್ಸು ಹುಡುಗರಿಗೆ ಇದ್ದರೆ ತಡೆಯಬೇಡಿ, ಆದರೆ ಕೊನೆಯ ಭಾಗ ಏರು. ಗೇರ್ ಇಲ್ಲದ ಬಾಡಿಗೆ ಸೈಕಲ್ಲಿನಲ್ಲಿ ಅಲ್ಲಿ ಇಳಿದು ತಳ್ಳಬೇಕಾಗುತ್ತದೆ. ವಾಪಸು ಬರುವಾಗ ಅದೇ ಇಳಿಜಾರು, ಬ್ರೇಕ್ ಹಿಡಿಯುತ್ತದಾ ಎಂದು ಗೇಟಿನಲ್ಲೇ ಪರೀಕ್ಷೆ ಮಾಡಿ ತೆಗೆದುಕೊಳ್ಳಿ.

ಮೊದಲ ಕೆಲವು ಕಿಲೋಮೀಟರ್ ರಸ್ತೆಯ ಪಕ್ಕ ದಹಿಸರ್ ನದಿ ಕಾಣುತ್ತದೆ. ತುಳಸಿ ಕೆರೆಯ ಕಡೆಯಿಂದ ಬರುವ ಈ ನದಿ ಉದ್ಯಾನದೊಳಗೆ ಇರುವಷ್ಟು ಹೊತ್ತು ತಿಳಿಯಾಗಿ, ಬಂಡೆಗಳ ನಡುವೆ ಹರಿಯುತ್ತದೆ. ಹೆದ್ದಾರಿ ದಾಟಿದ ಮೇಲೆ ಅದೇ ನದಿಯ ಗತಿ ಏನಾಗಿದೆ ಎಂದು ಬೊರಿವಲಿ, ದಹಿಸರ್‌ನವರಿಗೆ ಗೊತ್ತು. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ರಸ್ತೆ ಬಿಟ್ಟು ಪಕ್ಕದ ಕಾಲುದಾರಿಗಳಿಗೆ ಇಳಿಯಬೇಡಿ. ಕೆಲವು ದಾರಿಗಳು ಉದ್ಯಾನದೊಳಗಿನ ವಾರ್ಲಿ ಆದಿವಾಸಿ ಪಾಡಾಗಳಿಗೆ, ಅಂದರೆ ಅವರ ಸಣ್ಣ ಹಳ್ಳಿಗಳಿಗೆ ಹೋಗುತ್ತವೆ. ಅದು ಅವರ ಮನೆ, ನೋಡುವ ಜಾಗ ಅಲ್ಲ.

ಹಂತ 5: ಮೊದಲ ಮೂರು ಗುಹೆಗಳು

ಟಿಕೆಟ್ ತೋರಿಸಿ ಮೆಟ್ಟಿಲು ಹತ್ತಿದ ತಕ್ಷಣ ಸಿಗುವುದು ಒಂದನೇ ಗುಹೆ. ಕೆಲಸ ಶುರು ಮಾಡಿ ಅರ್ಧಕ್ಕೇ ಬಿಟ್ಟದ್ದು. ಇದನ್ನು ದಾಟಿ ಓಡಬೇಡಿ, ಒಂದು ನಿಮಿಷ ನಿಲ್ಲಿ. ಗುಹೆಯನ್ನು ಹೇಗೆ ಕೊರೆಯುತ್ತಿದ್ದರು ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ದೊಡ್ಡ ಕಂಬಗಳು ಬಂಡೆಯಿಂದ ಹೊರಬಂದಿವೆ, ಹಿಂದಿನ ಮಂದಿರ ಬರಲೇ ಇಲ್ಲ.

ಮೂರನೆಯದು ಚೈತ್ಯ. ಎರಡನೇ ಶತಮಾನದಲ್ಲಿ, ಶಾತವಾಹನ ದೊರೆ ಯಜ್ಞಶ್ರೀ ಶಾತಕರ್ಣಿಯ ಕಾಲದಲ್ಲಿ ಕೊರೆದದ್ದು. ಸುಮಾರು 26 ಮೀಟರ್ ಉದ್ದ, ಎರಡು ಸಾಲಿನಲ್ಲಿ 34 ಕಂಬ, ಕೊನೆಗೆ ಸ್ತೂಪ. ಕಂಬಗಳನ್ನು ಒಂದೊಂದಾಗಿ ನೋಡಿ. ಕೆಲವುಗಳ ಮೇಲೆ ಆನೆ, ಸ್ತೂಪಕ್ಕೆ ನಮಸ್ಕರಿಸುವ ಜನ, ಚೆಂದದ ಕೆತ್ತನೆ. ಉಳಿದವು ಬರೀ ಎಂಟು ಮೂಲೆಯ ಸಾದಾ ಕಂಬ.

ಜಗಲಿಯ ಎರಡು ತುದಿಯಲ್ಲಿ ನಿಂತಿರುವ ಬುದ್ಧರು ಒಬ್ಬೊಬ್ಬರೂ ಏಳು ಮೀಟರ್ ಎತ್ತರ. ಇವರು ಆ ಮಂದಿರದ ಜೊತೆಗೇ ಬಂದವರಲ್ಲ, ಮೂರು ಶತಮಾನ ಆದ ಮೇಲೆ ಸೇರಿದವರು. ಒಳಗೆ ಮೂರ್ತಿ ಇಲ್ಲದ ಸ್ತೂಪ, ಹೊರಗೆ ಆಳೆತ್ತರಕ್ಕೂ ಮೀರಿದ ಮೂರ್ತಿ. ಆ ನಡುವಿನ ಕಾಲದಲ್ಲಿ ಬೌದ್ಧರ ಪೂಜೆಯೇ ಬದಲಾಗಿತ್ತು ಎಂಬುದು ಇದೊಂದೇ ಜಗಲಿಯಲ್ಲಿ ಕಾಣುತ್ತದೆ. ಪೋರ್ಚುಗೀಸರು ಬಂದ ಮೇಲೆ ಈ ಚೈತ್ಯವನ್ನು ಇಗರ್ಜಿಯಾಗಿಯೂ ಬಳಸಿದ್ದರು.

ತುಂಬಾ ಜನ ಇಲ್ಲಿಂದಲೇ ಹಿಂತಿರುಗುತ್ತಾರೆ. ನೀವು ಹಿಂತಿರುಗಬೇಡಿ.

ಮಂಡಿ ನೋವಿನ ಹಿರಿಯರಿಗೆ ಇಲ್ಲಿಯವರೆಗೆ ಬರಲು ಕಷ್ಟವಿಲ್ಲ, ನಿಧಾನವಾಗಿ ಬಂದರೆ ಸಾಕು. ಹನ್ನೊಂದನೇ ಗುಹೆಯವರೆಗೂ ಕೋಲು ಹಿಡಿದು ಬರಬಹುದು. ಅಲ್ಲಿಂದ ಮೇಲೆ ಮೆಟ್ಟಿಲು ಕಡಿದು, ಕೆಲವು ಕಡೆ ಹಿಡಿಯಲು ಕಂಬಿಯೂ ಇಲ್ಲ. ಅವರು ಹನ್ನೊಂದನೇ ಗುಹೆಯ ತಣ್ಣನೆ ಜಗಲಿಯಲ್ಲಿ ಕೂತಿರಲಿ, ಜೊತೆಗೆ ಒಬ್ಬರು ಇರಿ. ಗಾಲಿಕುರ್ಚಿಗೆ ಈ ದಾರಿ ಆಗುವುದಿಲ್ಲ.

ಹಂತ 6: ಹಳ್ಳದ ಕೊರಕಲು ಹಿಡಿದು ಮೇಲೆ

ಚೈತ್ಯದಿಂದ ಹೊರಬಂದು ಹಳ್ಳದ ಕಡೆ ತಿರುಗಿ. ಬೆಟ್ಟವನ್ನು ಸೀಳಿಕೊಂಡು ಒಂದು ಕೊರಕಲು ಮೇಲಕ್ಕೆ ಹೋಗುತ್ತದೆ. ಅದರ ಎರಡೂ ದಡದಲ್ಲಿ, ಒಂದರ ಮೇಲೊಂದು ಸಾಲಾಗಿ ಗುಹೆಗಳು. ಹಳ್ಳದ ಪಕ್ಕದ ದಾರಿಯಲ್ಲಿ ಮೆಟ್ಟಿಲು ಹಿಡಿದು ಮೇಲೆ ನಡೆಯಿರಿ. ಗುಹೆಗಳ ಮೇಲೆ ಸಂಖ್ಯೆ ಬರೆದಿದೆ, ದಾರಿ ತಪ್ಪುವ ಭಯ ಇಲ್ಲ. ಸಂಖ್ಯೆ ನೋಡಿಕೊಂಡು ಒಂದೊಂದನ್ನೂ ಮುಗಿಸುವ ಹಟ ಬೇಡ. ನಾಲ್ಕೈದು ಗುಹೆಗಳನ್ನು ಸರಿಯಾಗಿ ನೋಡಿದರೆ ಉಳಿದವು ತಾವಾಗಿ ಅರ್ಥವಾಗುತ್ತವೆ.

ಯಾವುದಾದರೂ ಒಂದು ಚಿಕ್ಕ ವಿಹಾರ ಆರಿಸಿಕೊಂಡು ಒಳಗೆ ಹೋಗಿ. ಎದುರಿಗೆ ಪುಟ್ಟ ಅಂಗಳ. ಎರಡು ಮೂರು ಮೆಟ್ಟಿಲು. ಕಂಬ ಇರುವ ಜಗಲಿ, ಕೂರಲು ಕಲ್ಲಿನ ಕಟ್ಟೆ. ಒಳಗೆ ಒಂದು ಕೋಣೆ, ಮಲಗಲು ಕಲ್ಲಿನ ಮಂಚ. ಬಾಗಿಲ ಚೌಕಟ್ಟಿನಲ್ಲಿ ಮರದ ಬಾಗಿಲು ಕೂರಿಸಿದ ತೂತುಗಳು. ಈಗ ಹೊರಗೆ ಬಂದು ಅಂಗಳದ ಪಕ್ಕ ನೋಡಿ. ಬಂಡೆಯಲ್ಲಿ ಒಂದು ಚೌಕದ ಬಾಯಿ. ಅದೇ ಪೊಢಿ. ಬಾಯಿ ಚಿಕ್ಕದು, ಒಳಗೆ ಅಗಲವಾಗಿ ಕೊರೆದಿರುತ್ತಾರೆ. ಬಿಸಿಲು ಒಳಗೆ ಬೀಳಬಾರದು, ನೀರು ಆರಬಾರದು, ಅದಕ್ಕೆ. ಈಗ ತಲೆ ಎತ್ತಿ. ಮೇಲಿನ ಬಂಡೆಯಲ್ಲಿ ಬೆರಳು ಹಿಡಿಸುವಷ್ಟು ಸಣ್ಣ ಕಾಲುವೆ ಕೊರೆದಿರುವುದು ಕಾಣುತ್ತದೆ. ಅದರ ಗುಂಟ ಕಣ್ಣು ಹಾಯಿಸಿ ಇಳಿದರೆ ಅದು ಪೊಢಿಯ ಬಾಯಿಗೇ ಬಂದು ಸೇರುತ್ತದೆ.

ಇಡೀ ಬೆಟ್ಟವೇ ಹೀಗಿದೆ. ಹತ್ತಿರ ಹತ್ತಿರ ಪ್ರತಿ ವಿಹಾರಕ್ಕೂ ಒಂದು ತೊಟ್ಟಿ. ನಾಲ್ಕು ತಿಂಗಳು ಸುರಿಯುವ ಕೊಂಕಣದ ಮಳೆಯನ್ನು ಹಿಡಿದಿಟ್ಟು ಉಳಿದ ಎಂಟು ತಿಂಗಳು ಬದುಕುವ ಏರ್ಪಾಡು. ಭಿಕ್ಷುಗಳು ಊರೂರು ತಿರುಗುವವರು. ಮಳೆಗಾಲದಲ್ಲಿ ಮಾತ್ರ ಒಂದೇ ಕಡೆ ನಿಲ್ಲಬೇಕು ಎಂಬ ನಿಯಮ ಇತ್ತು, ಅದಕ್ಕೆ ವರ್ಷಾವಾಸ ಎನ್ನುತ್ತಾರೆ. ಅದಕ್ಕೆಂದು ಕೊರೆದ ಆಸರೆಗಳು ಕ್ರಮೇಣ ವರ್ಷವಿಡೀ ಜನ ಇರುವ ಮಠಗಳಾದವು. ನೀರಿಲ್ಲದೆ ಅದು ಆಗುತ್ತಿರಲಿಲ್ಲ. ಇಲ್ಲಿನ ದಾನ ಶಾಸನಗಳಲ್ಲಿ ಲೇಣಿಯ ಜೊತೆ ಪೊಢಿಯನ್ನೂ ದಾನವೆಂದು ಬೇರೆಯಾಗಿ ಹೆಸರಿಸಿದ್ದಾರೆ. ನೀರಿನ ತೊಟ್ಟಿ ಕೊಡುವುದು ಅಷ್ಟು ದೊಡ್ಡ ಪುಣ್ಯದ ಕೆಲಸವಾಗಿತ್ತು. ಕೊಟ್ಟವರು ಕಲ್ಯಾಣ, ಸೋಪಾರ, ನಾಸಿಕದ ಕಡೆಯ ವ್ಯಾಪಾರಿಗಳು, ಗೃಹಸ್ಥರು, ಭಿಕ್ಷುಣಿಯರು. ಕಲ್ಯಾಣ, ಸೋಪಾರ ಎರಡೂ ಆಗ ದೊಡ್ಡ ಬಂದರುಗಳು. ದಿನಾ ಕಲ್ಯಾಣ ಲೋಕಲ್ ಹಿಡಿಯುವವರಿಗೆ ಆ ಹೆಸರನ್ನು ಇಲ್ಲಿ ಕೇಳುವುದು ಖುಷಿಯ ವಿಷಯ ಅಲ್ವಾ?

ಪೊಢಿಗಳ ವಿಷಯದಲ್ಲಿ ಎರಡು ಎಚ್ಚರಿಕೆ. ನೀರು ಎಷ್ಟೇ ತಿಳಿಯಾಗಿ ಕಂಡರೂ ಕುಡಿಯಬೇಡಿ. ಮಕ್ಕಳನ್ನು ಬಾಯಿಯ ಅಂಚಿಗೆ ಒಬ್ಬರನ್ನೇ ಬಿಡಬೇಡಿ. ಮೇಲಿಂದ ನೋಡಿದರೆ ಸಣ್ಣ ಗುಂಡಿಯಂತೆ ಕಾಣುವುದು ಒಳಗೆ ಆಳವಾಗಿರುತ್ತದೆ, ಹತ್ತಿ ಬರಲು ಹಿಡಿತವೂ ಇರುವುದಿಲ್ಲ.

ಹಂತ 7: ದರ್ಬಾರ್ ಗುಹೆ, ನಮ್ಮ ನೃಪತುಂಗನ ಹೆಸರು

ಹನ್ನೊಂದನೇ ಗುಹೆಯನ್ನು ದರ್ಬಾರ್ ಎನ್ನುತ್ತಾರೆ. ಹೆಸರು ನಂತರ ಬಂದದ್ದು, ಇಲ್ಲಿ ಯಾವ ರಾಜನ ದರ್ಬಾರೂ ನಡೆಯಲಿಲ್ಲ. 70 ಅಡಿಗೂ ಜಾಸ್ತಿ ಅಗಲದ ಮಂಟಪ. ನೆಲದ ಮೇಲೆ ಎರಡು ಉದ್ದನೆಯ ತಗ್ಗು ಕಲ್ಲಿನ ಕಟ್ಟೆಗಳು, ಈ ಕೊನೆಯಿಂದ ಆ ಕೊನೆಯವರೆಗೆ. ಎಲ್ಲೋರದ ಐದನೇ ಗುಹೆಯಲ್ಲೂ ಇಂಥವೇ ಇವೆ. ಭಿಕ್ಷುಗಳು ಸಾಲಾಗಿ ಕೂತು ಪಠಣ, ಪಾಠ ಮಾಡಲು ಅಥವಾ ಊಟ ಮಾಡಲು ಬಳಸಿರಬೇಕು ಎಂದು ವಿದ್ವಾಂಸರು ಹೇಳುತ್ತಾರೆ. ಎದುರಿನ ಗೋಡೆಯಲ್ಲಿ ಬುದ್ಧನ ಗರ್ಭಗುಡಿ.

ಕನ್ನಡಿಗರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಹೊರಗೆ ಬಂದು ಜಗಲಿಯ ಕಂಬಗಳ ಮೇಲಿನ ತೊಲೆಯನ್ನು ನೋಡಿ. ಅಲ್ಲಿ ಒಂದು ಸಂಸ್ಕೃತ ಶಾಸನ ಇದೆ. ಕಾಲ ಶಕ 775, ಅಂದರೆ ಸುಮಾರು ಕ್ರಿ.ಶ. 853. ಅದರಲ್ಲಿ ಆಳುವ ಚಕ್ರವರ್ತಿ ಎಂದು ಹೇಳಿರುವ ಹೆಸರು ಅಮೋಘವರ್ಷ. ನಾವು ಶಾಲೆಯಲ್ಲಿ ಓದಿದ ಅದೇ ರಾಷ್ಟ್ರಕೂಟ ನೃಪತುಂಗ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಆಗಿನ ಮಾನ್ಯಖೇಟ, ಅವನ ರಾಜಧಾನಿ. ಕೊಂಕಣವನ್ನು ಅವನ ಪರವಾಗಿ ಶಿಲಾಹಾರ ಸಾಮಂತ ಕಪರ್ದಿ ನೋಡಿಕೊಳ್ಳುತ್ತಿದ್ದ. ಅವನ ಹೆಸರೂ ಶಾಸನದಲ್ಲಿದೆ. ಮೇಲಿನ 78ನೇ ಗುಹೆಯಲ್ಲೂ ಅಮೋಘವರ್ಷನ ಕಾಲದ ಶಾಸನಗಳಿವೆ.

ಜೈನ ಗುರುಗಳನ್ನು ಗೌರವಿಸಿದ ದೊರೆ, ಅವನ ಕೈಕೆಳಗೆ ಶೈವ ಸಾಮಂತ, ಆ ರಾಜ್ಯದ ಕಾಡಿನ ನಡುವೆ ಬೌದ್ಧ ಮಠಕ್ಕೆ ದಾನ. ಇದೆಲ್ಲ ಒಂದೇ ಕಲ್ಲಿನಲ್ಲಿ ಸಿಗುತ್ತದೆ. "ಮುಂಬೈಗೂ ನಮಗೂ ಏನು ಸಂಬಂಧ, ಹೋಟೆಲ್ ಕೆಲಸಕ್ಕೆ ಬಂದವರು ನಾವು" ಎನ್ನುವ ಮಾತು ಮನೆಮನೆಯಲ್ಲಿ ಕೇಳಿದ್ದೇನೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳನ್ನು ಈ ತೊಲೆಯ ಕೆಳಗೆ ನಿಲ್ಲಿಸಿ ನೃಪತುಂಗನ ಕಥೆ ಹೇಳಿ. ಅಕ್ಷರ ಓದಲು ಬರುವುದಿಲ್ಲ, ಪರವಾಗಿಲ್ಲ.

ತೊಲೆ ಮುಟ್ಟಬೇಡಿ, ಸೀಮೆಸುಣ್ಣ ಉಜ್ಜಬೇಡಿ. ಸಂರಕ್ಷಿತ ಸ್ಮಾರಕದ ಮೇಲೆ ಗೀಚಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶ ಇದೆ.

ಹಂತ 8: ಮೇಲಿನ ಸಾಲುಗಳು

ಕಾಲಿನಲ್ಲಿ ಶಕ್ತಿ ಇದ್ದವರು ಇಲ್ಲಿಂದ ಮುಂದೆ ಹತ್ತಿ. ಎಲ್ಲವನ್ನೂ ನೋಡಲು ಆಗುವುದಿಲ್ಲ, ಈ ನಾಲ್ಕನ್ನು ಹುಡುಕಿ.

34ನೇ ಗುಹೆ: ಒಳಗೆ ಚಾವಣಿಗೆ ಟಾರ್ಚ್ ಹಿಡಿಯಿರಿ. ಅರ್ಧಕ್ಕೆ ನಿಂತ ಬುದ್ಧನ ವರ್ಣಚಿತ್ರದ ರೇಖೆಗಳು ಕಾಣುತ್ತವೆ. ಕಾನ್ಹೇರಿಯಲ್ಲಿ ಬಣ್ಣ ಉಳಿದಿರುವ ಕೆಲವೇ ಜಾಗಗಳಲ್ಲಿ ಇದೊಂದು. ಫ್ಲ್ಯಾಶ್ ಹಾಕಿ ಫೋಟೋ ತೆಗೆಯಬೇಡಿ.

41ನೇ ಗುಹೆ: ಹನ್ನೊಂದು ತಲೆಯ ಅವಲೋಕಿತೇಶ್ವರ. ಅವಲೋಕಿತೇಶ್ವರ ಅಂದರೆ ಕಷ್ಟದಲ್ಲಿರುವವರನ್ನು ಕಾಯುವ ಬೋಧಿಸತ್ವ, ಅಂದರೆ ಬುದ್ಧನಾಗುವ ಹಾದಿಯಲ್ಲಿರುವವನು. ಮುಖದ ಮೇಲೆ ಹತ್ತು ಪುಟ್ಟ ತಲೆಗಳು ಸಾಲುಸಾಲಾಗಿವೆ. ಟಿಬೆಟ್, ಜಪಾನ್ ಕಡೆ ಈ ರೂಪ ಸಾಮಾನ್ಯ, ಭಾರತದ ಗುಹೆಗಳಲ್ಲಿ ತುಂಬಾ ಅಪರೂಪ.

67ನೇ ಗುಹೆ: ಗೋಡೆ ತುಂಬ ಬುದ್ಧರು, ಬೋಧಿಸತ್ವರು. ಹೊರಡುವ ಆತುರದಲ್ಲಿದ್ದರೆ ಇದನ್ನು ಬಿಟ್ಟರೂ ನಡೆಯುತ್ತದೆ.

90ನೇ ಗುಹೆಯನ್ನು ಮಾತ್ರ ಬಿಡಬೇಡಿ. ಇಲ್ಲಿಯೂ ಅವಲೋಕಿತೇಶ್ವರ ಇದ್ದಾನೆ, ಎರಡೂ ಪಕ್ಕದಲ್ಲಿ ಸಣ್ಣ ಸಣ್ಣ ಚೌಕಗಳಲ್ಲಿ ಅಪಾಯಕ್ಕೆ ಸಿಕ್ಕ ಜನ: ಆನೆ ಅಟ್ಟಿಸಿಕೊಂಡು ಬರುವುದು, ಹಾವು, ಬೆಂಕಿ, ಕಳ್ಳರು, ಮುಳುಗುವ ಹಡಗು. ಸಮುದ್ರ ದಾಟಿ ವ್ಯಾಪಾರ ಮಾಡುತ್ತಿದ್ದವರ ಭಯಗಳೇ ಇವು. ಇದೇ ಗುಹೆಯಲ್ಲಿ ಪಹ್ಲವಿ ಭಾಷೆಯ ಬರಹಗಳೂ ಇವೆ. ಪಹ್ಲವಿ ಅಂದರೆ ಇರಾನಿನ ಮಧ್ಯಕಾಲೀನ ಪರ್ಷಿಯನ್ ಭಾಷೆ. ಕ್ರಿ.ಶ. 1009 ಮತ್ತು 1021ರಲ್ಲಿ ಇಲ್ಲಿಗೆ ಬಂದಿದ್ದ ಪಾರಸಿಗಳು ತಮ್ಮ ಹೆಸರುಗಳನ್ನು ಕೆತ್ತಿ ಹೋಗಿದ್ದಾರೆ.

ಬೆಟ್ಟದ ನೆತ್ತಿಗೆ ಬಂದರೆ ಸುತ್ತ ಕಾಡು, ಅಂಚಿನಲ್ಲಿ ಬೊರಿವಲಿಯ ಎತ್ತರದ ಕಟ್ಟಡಗಳು. ಇಲ್ಲಿ ಗಾಳಿ ಚೆನ್ನಾಗಿರುತ್ತದೆ, ಡಬ್ಬಿ ಬಿಚ್ಚುವ ಆಸೆಯಾಗುತ್ತದೆ. ಮಂಗಗಳು ಕಾಣದಿದ್ದರೆ ಮಾತ್ರ ಬಿಚ್ಚಿ. ಬಂಡೆಯ ಅಂಚಿಗೆ ಹೋಗಿ ಸೆಲ್ಫಿ ತೆಗೆಯುವುದು ಬೇಡ. ಬೇಲಿ ಇಲ್ಲ, ಒಣ ಹುಲ್ಲಿನ ಮೇಲೆ ಕಾಲು ಜಾರುತ್ತದೆ. ಗುಹೆಗಳ ಆವರಣ ದಾಟಿ ಕಾಡಿನೊಳಗೆ ಹೋಗುವ ಕಾಲುದಾರಿಗಳು ಕಂಡರೂ ಹಿಡಿಯಬೇಡಿ. ಶಿಲೋಂಡಾದಂಥ ಕಾಡು ದಾರಿಗಳು ನೋಡಬೇಕೆಂದರೆ ಅರಣ್ಯ ಇಲಾಖೆಯ ಅನುಮತಿ ಪಡೆದು ಮಾರ್ಗದರ್ಶಿಯ ಜೊತೆ ಬೇರೆ ದಿನ ಹೋಗಿ.

ಹಂತ 9: ಇಳಿಯುವುದು

ಹತ್ತುವುದಕ್ಕಿಂತ ಇಳಿಯುವಾಗಲೇ ಜನ ಬೀಳುವುದು. ಪಕ್ಕಕ್ಕೆ ತಿರುಗಿ, ಪೂರ್ತಿ ಪಾದ ಊರಿ ಇಳಿಯಿರಿ. ಮಕ್ಕಳು ಓಡದಂತೆ ನೋಡಿಕೊಳ್ಳಿ.

ಹತ್ತಿ ಇಳಿಯುವುದಕ್ಕೆ ಒಟ್ಟು ಮೂರು ಗಂಟೆ ಇಟ್ಟುಕೊಳ್ಳಿ. ಎಂಟಕ್ಕೆ ಗೇಟು ದಾಟಿದವರು ಮಧ್ಯಾಹ್ನ ಒಂದರ ಹೊತ್ತಿಗೆ ಬುಡದಲ್ಲಿ ಇರಬಹುದು. ಅಲ್ಲಿ ಕತ್ತರಿಸಿದ ಸೀಬೆ, ಸೌತೆಕಾಯಿ ಮಾರುವ ಆದಿವಾಸಿ ಹೆಂಗಸರು ಕೂತಿರುತ್ತಾರೆ. ಚೌಕಾಸಿ ಮಾಡದೆ ತೆಗೆದುಕೊಳ್ಳಿ. ಕೆಳಗೆ ಬಂದ ತಕ್ಷಣ ವಾಪಸು ಬಸ್ಸಿನ ಕೊನೆಯ ಸಮಯ ಎಷ್ಟು ಎಂದು ಕೇಳಿ, ಸಾಲಿನಲ್ಲಿ ನಿಂತುಬಿಡಿ. ಭಾನುವಾರ ಮಧ್ಯಾಹ್ನ ಸಾಲು ಉದ್ದ ಇರುತ್ತದೆ.

ಸಂಜೆಯವರೆಗೆ ಉಳಿಯುವ ಯೋಚನೆ ಮಾಡಬೇಡಿ. ಕತ್ತಲಾದ ಮೇಲೆ ಈ ರಸ್ತೆಯ ಮೇಲೆ ಚಿರತೆಗಳು ಓಡಾಡುತ್ತವೆ. ಹಗಲಿನಲ್ಲಿ ಜನ ಇರುವ ಕಡೆ ಅವು ಬರುವುದು ಕಡಿಮೆ, ಭಯ ಪಡಬೇಕಾಗಿಲ್ಲ. ನಡೆದು ವಾಪಸು ಹೋಗುವವರು ಮೂರು ಗಂಟೆಗೆ ಮುಂಚೆ ಹೊರಡಿ, ಗುಂಪಾಗಿ ಇರಿ, ಚಿಕ್ಕ ಮಕ್ಕಳನ್ನು ನಡುವೆ ಇಟ್ಟುಕೊಳ್ಳಿ.

ತಂದ ಕಸವನ್ನು ಮನೆಗೇ ವಾಪಸು ಒಯ್ಯಿರಿ. ಬುಡದಲ್ಲಿರುವ ಕಸದ ಡಬ್ಬಿಗಳನ್ನೂ ಮಂಗಗಳು ಬುಡಮೇಲು ಮಾಡುತ್ತವೆ, ಅಲ್ಲಿ ಹಾಕಿದ್ದು ಸಂಜೆಯೊಳಗೆ ಹಳ್ಳದಲ್ಲಿರುತ್ತದೆ.